ಸಿನಿಮಾ ಜೊತೆಗೆ ಮೌಸ್ ಬಾಣವೂ ತಡವರಿಸಿದರೆ

ಪ್ರಶ್ನೆ: ನಮ್ಮದು ಬನಹಟ್ಟಿ. ಮನೆಯಲ್ಲಿ 2006ರಲ್ಲಿ ಕೊಂಡ ಪೆಂಟಿಯಂ 4 ಕಂಪ್ಯೂಟರ್ ಇದೆ. ಮಗ್ಗದ ಲೆಕ್ಕಪತ್ರದ ಹಳೆಯ ತಂತ್ರಾಂಶ ಅದರಲ್ಲೇ ನಡೆಯುವುದರಿಂದ ಇಂದಿಗೂ ವಿಂಡೋಸ್ ಎಕ್ಸ್‌ಪಿ ಉಳಿಸಿಕೊಂಡಿದ್ದೇವೆ. ಇಂಟರ್‌ನೆಟ್ ಜೋಡಿಸಿಲ್ಲ. ನಮ್ಮ ಅಜ್ಜ ಹಾರ್ಮೋನಿಯಂ ನುಡಿಸಿದ ಒಂದು ಸಣ್ಣಾಟದ ಡಿವಿಡಿ ನಮ್ಮಲ್ಲಿದೆ, ಅದಕ್ಕೆ ಗೀರು ಬಿದ್ದಿದೆ. ಎರಡು ತಿಂಗಳ ಹಿಂದೆ ಅದನ್ನು ನೋಡಲೆಂದು ಹತ್ತಾರು ಸಲ ಹಾಕಿ ತೆಗೆದೆವು, ನಿಂತು ನಿಂತು ಓಡಿತು. ಅಂದಿನಿಂದ ಹೊಸ ಸಿನಿಮಾ ಡಿಸ್ಕ್ ಹಾಕಿದರೂ ಚಿತ್ರ ತಡೆತಡೆದು ಬರುತ್ತದೆ, ಮಾತು ತುಂಡಾಗುತ್ತದೆ, ಮೌಸ್ ಬಾಣವೂ ಎಳೆದೆಳೆದು ಸಾಗುತ್ತದೆ. ರ‍್ಯಾಮ್ ಸಾಲದು ಎಂದು ಒಬ್ಬರು ಹೇಳಿದ್ದಕ್ಕೆ 512 ಎಂಬಿ ಇದ್ದದ್ದನ್ನು 1 ಜಿಬಿ ಮಾಡಿಸಿದೆವು. ಏನೂ ಬದಲಾಗಲಿಲ್ಲ. ಈಗ ಕಂಪ್ಯೂಟರನ್ನೇ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇಬೇಕೇ?

ಉತ್ತರ: ಬೇಡ. ಬೇರೆ ಕಾರಣಕ್ಕೆ ಹೊಸ ಕಂಪ್ಯೂಟರ್ ಬೇಕಿದ್ದರೆ ಕೊಳ್ಳಿ, ಇದಕ್ಕಾಗಿ ಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಭಾಗವಿದೆ. ಗೀರು ಬಿದ್ದ ಡಿಸ್ಕನ್ನು ಹತ್ತಾರು ಸಲ ಓದಿಸಿದಿರಿ, ಆಮೇಲೆ ಒಳ್ಳೆಯ ಡಿಸ್ಕ್‌ಗಳೂ ತಡವರಿಸತೊಡಗಿದವು, ಜೊತೆಗೆ ಮೌಸ್ ಬಾಣವೂ ಎಳೆಯತೊಡಗಿತು. ಈ ಮೂರನ್ನೂ ಒಟ್ಟಿಗೆ ಹೇಳುವವರು ಅಪರೂಪ. ವಿಜಯಪುರದ ನನ್ನ ಅಂಗಡಿಗೆ ಇಂಥ ಯಂತ್ರ ಹೊತ್ತು ತರುವವರು ಸಾಮಾನ್ಯವಾಗಿ "ಸಿನಿಮಾ ಸರಿಯಾಗಿ ಓಡುತ್ತಿಲ್ಲ" ಎಂದಷ್ಟೇ ಹೇಳಿ ಕುಳಿತುಬಿಡುತ್ತಾರೆ. ಬಾಣದ ಸುದ್ದಿ ತೆಗೆಯುವುದೇ ಇಲ್ಲ.

ಮೊದಲು ರ‍್ಯಾಮ್‌ನ ಮಾತು ಮುಗಿಸೋಣ, ಏಕೆಂದರೆ ಅದು ನಿಮ್ಮ ಹಣ ತಿಂದಿದೆ. ಎರಡು ತಿಂಗಳ ಹಿಂದಿನವರೆಗೆ ಇದೇ 512 ಎಂಬಿಯಲ್ಲಿ ಸಿನಿಮಾ ಸರಾಗವಾಗಿ ಓಡುತ್ತಿತ್ತಲ್ಲವೇ? ರ‍್ಯಾಮ್ ಕುಳಿತಲ್ಲೇ ಸವೆದು ಅರ್ಧವಾಗುವ ವಸ್ತುವಲ್ಲ. ಡಿವಿಡಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಆ ದಶಕದ ಕೊನೆಯ ಪೆಂಟಿಯಂ 2, ಪೆಂಟಿಯಂ 3 ಯಂತ್ರಗಳೇ ಅದನ್ನು ಓಡಿಸಿ ತೋರಿಸಿದ್ದವು. ನಿಮ್ಮ ಪೆಂಟಿಯಂ 4ಕ್ಕೆ ಅದು ಭಾರವಾಗುವ ಕೆಲಸವಲ್ಲ. ಡಿವಿಡಿಯ ಒಂದು ಚಿತ್ರ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳದ್ದು. ಅಂಥ 25 ಚಿತ್ರಗಳು ಸೆಕೆಂಡಿಗೆ ಬೇಕು, ಅಷ್ಟೇ. ಇವನ್ನೆಲ್ಲ ಒತ್ತಿ ಅಡಕ ಮಾಡಿರುವುದರಿಂದ, ಧ್ವನಿಯೂ ಸೇರಿ ಡಿಸ್ಕ್‌ನಿಂದ ಬರಬೇಕಾದ ಮಾಹಿತಿ ಎಷ್ಟೇ ದಟ್ಟವಾಗಿದ್ದರೂ ಸೆಕೆಂಡಿಗೆ 10 ಮೆಗಾಬಿಟ್ ಚಿಲ್ಲರೆಯ ಮಿತಿ ದಾಟುವುದಿಲ್ಲ. ಬೈಟ್ ಲೆಕ್ಕದಲ್ಲಿ ಅದು ಒಂದೂಕಾಲು ಎಂಬಿ. ಡ್ರೈವ್‌ನ ಮುಖದ ಮೇಲೆ 16 ಎಕ್ಸ್ ಎಂದು ಬರೆದಿರುತ್ತದಲ್ಲ, ಅದರಲ್ಲಿ ಒಂದು ಎಕ್ಸ್ ಎಂದರೆ ಸೆಕೆಂಡಿಗೆ 1.385 ಎಂಬಿ. ಸಿನಿಮಾ ನೋಡಲು ಒಂದು ಎಕ್ಸ್ ಸಾಕು. ಹದಿನಾರು ಪಟ್ಟು ಓಡಬಲ್ಲ ಎತ್ತಿಗೆ ಒಂದು ಪಟ್ಟು ಓಡಲೂ ಆಗುತ್ತಿಲ್ಲ ಎಂದರೆ ಎತ್ತಿಗೆ ಮೇವು ಸಾಲುತ್ತಿಲ್ಲ ಎಂದಲ್ಲ, ಎಲ್ಲೋ ಕಾಲಿಗೆ ಹಗ್ಗ ಸುತ್ತಿಕೊಂಡಿದೆ ಎಂದರ್ಥ.

ಆ ಹಗ್ಗ ಯಾವುದು ಎನ್ನುವುದನ್ನು ನಿಮ್ಮ ಮನೆಯ ಕೆಲಸದಲ್ಲೇ ಹೇಳುತ್ತೇನೆ. ಕೈಮಗ್ಗದ ಕಾಲ ನೆನಪಿಸಿಕೊಳ್ಳಿ. ನೇಕಾರ ಮಗ್ಗದ ಮೇಲೆ ಕುಳಿತಿರುತ್ತಾನೆ, ಮನೆಯ ಹೆಂಗಸರೋ ಮುದುಕರೋ ಪಕ್ಕದಲ್ಲಿ ಕಂಡಿಕೆ ಸುತ್ತಿ ಬುಟ್ಟಿಗೆ ಹಾಕುತ್ತಿರುತ್ತಾರೆ. ಲಾಳಿಯಲ್ಲಿ ನೂಲು ಮುಗಿದ ಕ್ಷಣ ಕೈಗೆ ಹೊಸ ಕಂಡಿಕೆ ಸಿಗುತ್ತದೆ, ನೇಯ್ಗೆ ನಿಲ್ಲುವುದಿಲ್ಲ. ಈಗ ಅದೇ ನೇಕಾರ ಪ್ರತಿಯೊಂದು ಕಂಡಿಕೆಗೂ ಮಗ್ಗ ಬಿಟ್ಟೆದ್ದು, ಹಿತ್ತಿಲಿಗೆ ಹೋಗಿ, ತಾನೇ ಸುತ್ತಿ ತರಬೇಕಾದರೆ? ಅವನು ದಿನವಿಡೀ ದುಡಿಯುತ್ತಾನೆ, ಬೆವರೂ ಸುರಿಯುತ್ತದೆ, ಬಟ್ಟೆ ಮಾತ್ರ ಗೇಣುದ್ದವೂ ಬೀಳುವುದಿಲ್ಲ.

ಡಿಸ್ಕ್‌ನಿಂದ ಬಂದ ಮಾಹಿತಿ ಕಂಪ್ಯೂಟರಿನ ಮೆಮೊರಿಗೆ ತಲುಪಲು ಇಂಥವೇ ಎರಡು ದಾರಿಗಳಿವೆ. ಡಿಎಂಎ ಎನ್ನುವ ದಾರಿಯಲ್ಲಿ ಮಾಹಿತಿ ನೇರವಾಗಿ ಮೆಮೊರಿಗೆ ಹೋಗಿ ಬೀಳುತ್ತದೆ, ಪ್ರೊಸೆಸರ್ ತನ್ನ ಪಾಡಿಗೆ ಚಿತ್ರ ಬಿಡಿಸುತ್ತ ಕುಳಿತಿರುತ್ತದೆ. ಪಿಐಒ ಎನ್ನುವ ಹಳೆಯ ದಾರಿಯಲ್ಲಿ ಪ್ರೊಸೆಸರೇ ಎದ್ದು ಹೋಗಿ ಹೊತ್ತು ತರಬೇಕು. ಅದೂ ಒಮ್ಮೆಗೆ ಎರಡೇ ಬೈಟ್. ಒಂದೂಕಾಲು ಎಂಬಿಯನ್ನು ಎರಡೆರಡು ಬೈಟ್‌ಗಳಾಗಿ ತರುವುದೆಂದರೆ ಸೆಕೆಂಡಿಗೆ ಆರು ಲಕ್ಷಕ್ಕೂ ಹೆಚ್ಚು ಸಲ ಹೋಗಿಬರಬೇಕು. ಕಾಗದದ ಮೇಲೆ ಪಿಐಒ ಕೂಡ ಡಿವಿಡಿಗೆ ಸಾಲುವಷ್ಟು ವೇಗದ್ದೇ. ಅದರ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲೂ ಸೆಕೆಂಡಿಗೆ 3.3 ಎಂಬಿ ಸಾಗಬಹುದು. ಇದನ್ನು ಓದಿಕೊಂಡವರು "ಪಿಐಒ ಇದ್ದರೇನು, ಸಿನಿಮಾ ಓಡಬೇಕಲ್ಲ" ಎಂದು ನನ್ನೊಡನೆ ವಾದ ಮಾಡಿದ್ದುಂಟು. ನೂಲು ಬರುತ್ತದೆ ಸ್ವಾಮಿ, ನೇಯುವವರು ಯಾರು? ತರುವ ಕೆಲಸದಲ್ಲೇ ಪ್ರೊಸೆಸರ್ ದಣಿದಿರುತ್ತದೆ, ಚಿತ್ರ ಬಿಡಿಸಲು ಅದಕ್ಕೆ ಬಿಡುವೇ ಸಿಗುವುದಿಲ್ಲ. ಮೌಸ್ ಬಾಣವನ್ನು ಸರಿಸಲೂ ಬಿಡುವಿರುವುದಿಲ್ಲ, ಅದಕ್ಕೇ ಬಾಣ ಎಳೆಯುತ್ತದೆ. ಬರೀ ಗೀರಿನಿಂದ ಸಿನಿಮಾ ನಿಂತರೆ ಚಿತ್ರ ಅಲುಗದೆ ನಿಂತುಬಿಡುತ್ತದೆ, ಚೌಕ ಚೌಕವಾಗುತ್ತದೆ, ಆದರೆ ಬಾಣ ಹೆಚ್ಚು ಪಾಲು ಸಲೀಸಾಗಿ ಓಡಾಡುತ್ತಿರುತ್ತದೆ.

ಒಳ್ಳೆಯ ದಾರಿ ಬಿಟ್ಟು ನಿಮ್ಮ ಯಂತ್ರ ಈ ದಾರಿ ಹಿಡಿದದ್ದೇಕೆ? ವಿಂಡೋಸ್ ಎಕ್ಸ್‌ಪಿಗೆ ಒಂದು ಅಭ್ಯಾಸವಿದೆ. ಡ್ರೈವ್‌ನಿಂದ ಮಾಹಿತಿ ತಪ್ಪಾಗಿ ಬಂದರೆ ಅಥವಾ ಬರಲು ತೀರಾ ತಡವಾದರೆ ಅದನ್ನು ಎಣಿಸಿಟ್ಟುಕೊಳ್ಳುತ್ತದೆ. ಎಣಿಕೆ ಆರಕ್ಕೆ ಮುಟ್ಟಿದರೆ "ಈ ದಾರಿ ಸರಿಯಿಲ್ಲ, ವೇಗ ತಗ್ಗಿಸೋಣ" ಎಂದು ಒಂದು ಮೆಟ್ಟಿಲು ಇಳಿಯುತ್ತದೆ. ಮತ್ತೆ ತಪ್ಪಾದರೆ ಮತ್ತೊಂದು ಮೆಟ್ಟಿಲು. ಇಳಿಯುತ್ತ ಇಳಿಯುತ್ತ ಪಿಐಒಗೆ ಬಂದು ಕೂರುತ್ತದೆ. ಇಳಿಯುವುದನ್ನು ಬಲ್ಲ ಈ ಮಹಾರಾಯನಿಗೆ ಹತ್ತುವುದು ಗೊತ್ತಿಲ್ಲ. ತಪ್ಪು ಡಿಸ್ಕ್‌ನದೋ ಕೇಬಲ್‌ನದೋ ಎಂದು ವಿಚಾರಿಸುವುದೂ ಇಲ್ಲ. ಹಾಗಾಗಿ ಅಜ್ಜನ ಡಿಸ್ಕ್‌ನ ಗೀರಿಗೆ ಊರಿನ ಡಿಸ್ಕ್‌ಗಳೆಲ್ಲ ದಂಡ ಕಟ್ಟುತ್ತಿವೆ. ಆಫ್ ಮಾಡಿ ಆನ್ ಮಾಡಿದರೂ ಈ ತೀರ್ಮಾನ ಅಳಿಯುವುದಿಲ್ಲ.

ನೋಡುವ ಬಗೆ ಹೀಗೆ. ಮೈ ಕಂಪ್ಯೂಟರ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ, ಹಾರ್ಡ್‌ವೇರ್ ಎಂಬ ಹಾಳೆಗೆ ಹೋಗಿ ಡಿವೈಸ್ ಮ್ಯಾನೇಜರ್ ಒತ್ತಿ. ಪಟ್ಟಿಯಲ್ಲಿ 'ಐಡಿಇ ಎಟಿಎ/ಎಟಿಎಪಿಐ ಕಂಟ್ರೋಲರ್ಸ್' ಎಂಬುದರ ಪಕ್ಕದ ಕೂಡಿಸುವ ಚಿಹ್ನೆ ಒತ್ತಿದರೆ ಅದರ ಕೆಳಗೆ ಪ್ರೈಮರಿ ಮತ್ತು ಸೆಕೆಂಡರಿ ಐಡಿಇ ಚಾನೆಲ್‌ಗಳು ಕಾಣುತ್ತವೆ. ನಿಮ್ಮ ಕಾಲದ ಯಂತ್ರಗಳಲ್ಲಿ ಡಿವಿಡಿ ಡ್ರೈವ್ ಹೆಚ್ಚಾಗಿ ಸೆಕೆಂಡರಿಯಲ್ಲಿರುತ್ತದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಹಾಳೆ ನೋಡಿ. 'ಕರೆಂಟ್ ಟ್ರಾನ್ಸ್‌ಫರ್ ಮೋಡ್' ಎಂಬ ಸಾಲಿನಲ್ಲಿ 'ಅಲ್ಟ್ರಾ ಡಿಎಂಎ ಮೋಡ್ 2' ಎಂದೋ ಅದಕ್ಕಿಂತ ಮೇಲಿನದೋ ಇರಬೇಕು. ನಿಮ್ಮಲ್ಲಿ 'ಪಿಐಒ ಮೋಡ್' ಎಂದು ಇರುತ್ತದೆ ಎಂಬುದು ನನ್ನ ಪಂಥ.

ಇದ್ದರೆ, ಅದರ ಮೇಲಿನ ಸಾಲಿನಲ್ಲಿ 'ಡಿಎಂಎ ಇಫ್ ಅವೈಲೆಬಲ್' ಆರಿಸಿ ಓಕೆ ಒತ್ತಿ, ಕಂಪ್ಯೂಟರ್ ಮತ್ತೆ ಚಾಲೂ ಮಾಡಿ ನೋಡಿ. ಅಷ್ಟಕ್ಕೇ ಸರಿಹೋದರೆ ನಿಮ್ಮ ಪುಣ್ಯ. ಮೊದಲೇ ಹಾಗೆ ಆರಿಸಿದ್ದೂ ಕೆಳಗೆ ಪಿಐಒ ಎಂದೇ ತೋರಿಸುತ್ತಿದ್ದರೆ ಎಣಿಕೆಯ ಪುಸ್ತಕವನ್ನೇ ಹರಿಯಬೇಕು. ಅದೇ ಕಿಟಕಿಯ ಡ್ರೈವರ್ ಹಾಳೆಯಲ್ಲಿ ಅನ್‌ಇನ್‌ಸ್ಟಾಲ್ ಎಂಬ ಗುಂಡಿ ಇದೆ. ಸೆಕೆಂಡರಿ ಚಾನೆಲ್‌ನಲ್ಲೇ ಇದ್ದೀರಿ ಎಂದು ಇನ್ನೊಮ್ಮೆ ನೋಡಿಕೊಂಡು ಒತ್ತಿ. ಹಾರ್ಡ್ ಡಿಸ್ಕ್ ಇರುವ ಚಾನೆಲ್ ಮುಟ್ಟುವ ಅಗತ್ಯವಿಲ್ಲ. ಹೆದರಬೇಡಿ, ಡ್ರೈವ್ ಕಳೆದುಹೋಗುವುದಿಲ್ಲ. ಕಂಪ್ಯೂಟರ್ ಮತ್ತೆ ಚಾಲೂ ಆದಾಗ ವಿಂಡೋಸ್ ಅದನ್ನು ಹೊಸ ನೆಂಟನಂತೆ ಬರಮಾಡಿಕೊಂಡು, ಹಳೆಯ ಲೆಕ್ಕ ಮರೆತು, ಡಿಎಂಎಯಿಂದಲೇ ಶುರುಮಾಡುತ್ತದೆ. ಕೆಲವು ಯಂತ್ರಗಳು ಇನ್ನೊಂದು ಸಲ ರೀಸ್ಟಾರ್ಟ್ ಕೇಳುತ್ತವೆ, ಕೊಡಿ.

ಈಗ ಹೊಸ ಸಿನಿಮಾ ಡಿಸ್ಕ್ ಹಾಕಿ ನೋಡಿ. ಅಜ್ಜನ ಡಿಸ್ಕ್ ಮಾತ್ರ ಈಗಲೇ ಹಾಕಬೇಡಿ. ಹಾಕಿದರೆ ಗೀರಿನ ಬಳಿ ಮತ್ತೆ ಆರು ತಪ್ಪುಗಳಾಗಿ, ಮತ್ತೆ ಇಳಿದು, ನೀವು ಮತ್ತೆ ನನಗೆ ಬರೆಯಬೇಕಾಗುತ್ತದೆ. ಆ ಡಿಸ್ಕ್‌ಗೆ ಬೇರೆ ಉಪಚಾರವಿದೆ, ಅದಕ್ಕೆ ಬರುತ್ತೇನೆ.

ಸರಿಯಾಗಿ ಎರಡು ದಿನಕ್ಕೆ, ಒಳ್ಳೆಯ ಡಿಸ್ಕ್‌ಗಳನ್ನೇ ಹಾಕಿದ್ದರೂ, ಪಿಐಒ ಮತ್ತೆ ಬಂದು ಕುಳಿತರೆ ಡಿಸ್ಕ್ ಬಿಟ್ಟು ಕೇಬಲ್ ಮೇಲೆ ಅನುಮಾನ ಪಡಿ. ಡಬ್ಬದ ಒಳಗಿನ ಅಗಲವಾದ ಚಪ್ಪಟೆ ಕೇಬಲ್ ಅದು. ಮಡಿಸಿ ಮಡಿಸಿ ಒಳಗಿನ ತಂತಿ ಸೀಳಿರುತ್ತದೆ, ಇಲ್ಲವೇ ತುದಿಯ ಕನೆಕ್ಟರ್ ಒಂದು ಪಕ್ಕ ಸಡಿಲಾಗಿರುತ್ತದೆ. ಒಂದೇ ಕೇಬಲ್‌ಗೆ ಹಾರ್ಡ್ ಡಿಸ್ಕ್ ಮತ್ತು ಡಿವಿಡಿ ಡ್ರೈವ್ ಎರಡನ್ನೂ ಕಟ್ಟಿದ್ದರೆ ಬೇರೆ ಮಾಡಿಸಿ. ಕೇಬಲ್ ಬದಲಿಸುವಾಗ ಎಂಬತ್ತು ಎಳೆಯ ಕೇಬಲ್ ಕೇಳಿ. ಹಳೆಯ ನಲವತ್ತು ಎಳೆಯದರಲ್ಲಿ ಎಳೆಗಳು ದಪ್ಪವಾಗಿ ಒಂದೊಂದೂ ಎಣಿಸುವಂತೆ ಕಾಣುತ್ತವೆ, ಎಂಬತ್ತರದು ನಯವಾಗಿ ಕಾಣುತ್ತದೆ. ನೂಲಿನ ನಂಬರು ಕಣ್ಣಳತೆಯಲ್ಲೇ ಹೇಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು, ನಾನು ಪಂಥದಲ್ಲಿ ಸೋತು, ಅಲ್ಲಿ ಮೊದಲಿನಿಂದಲೂ ಡಿಎಂಎ ಎಂದೇ ಬರೆದಿತ್ತು ಎನ್ನೋಣ. ಆಗ ಒಂದು ಪರೀಕ್ಷೆ ಮಾಡಿ. ನಾನು ಯಾವ ಯಂತ್ರ ಬಂದರೂ ಬಿಚ್ಚುವ ಮೊದಲು ಮಾಡುವ ಪರೀಕ್ಷೆ ಇದು. ನಿಮ್ಮದೇ ಆದ, ಗೀರಿಲ್ಲದ ಒಂದು ಮದುವೆಯ ಡಿವಿಡಿಯೋ ಮುಂಜಿಯ ಡಿವಿಡಿಯೋ ಹುಡುಕಿ. ಡಿಸ್ಕ್ ತೆರೆದರೆ ಒಳಗೆ ವಿಡಿಯೋ_ಟಿಎಸ್ ಎಂಬ ಫೋಲ್ಡರ್ ಇರುತ್ತದೆ. ಅದನ್ನು ಹಾಗೆಯೇ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಅಲ್ಲಿಂದ ಓಡಿಸಿ. ಅಲ್ಲಿ ನೀರು ಹರಿದಂತೆ ಓಡಿದರೆ ಕಂಪ್ಯೂಟರ್ ಆರೋಗ್ಯವಾಗಿದೆ, ದೋಷ ಡ್ರೈವ್‌ನಲ್ಲೋ ಕೇಬಲ್‌ನಲ್ಲೋ ಇದೆ. ಅಲ್ಲಿಯೂ ತಡವರಿಸಿದರೆ ಡ್ರೈವ್ ನಿರಪರಾಧಿ, ಕಂಪ್ಯೂಟರಿನ ಒಳಗೆ ಹುಡುಕಬೇಕು. ಕಾಪಿ ಎಷ್ಟು ಹೊತ್ತು ತೆಗೆದುಕೊಂಡಿತು ಎನ್ನುವುದನ್ನೂ ಗಡಿಯಾರ ನೋಡಿ ಬರೆದಿಡಿ. 4.7 ಜಿಬಿಯ ತುಂಬಿದ ಡಿಸ್ಕ್ ಒಳ್ಳೆಯ ಡ್ರೈವ್‌ನಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಗಂಟೆ ಹಿಡಿದರೆ ಅದು ಒಂದು ಎಕ್ಸ್‌ನಲ್ಲಿ, ಅಂದರೆ ಸಿನಿಮಾದ ವೇಗದಲ್ಲೇ ತೆವಳುತ್ತಿದೆ. ಒಂದು ಎಡವು ಬಿದ್ದರೂ ಚಿತ್ರ ನಿಲ್ಲುತ್ತದೆ. ಅಂಗಡಿಯಿಂದ ಕೊಂಡ ಸಿನಿಮಾ ಡಿಸ್ಕ್‌ಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಅವುಗಳಿಗೆ ಬೀಗ ಹಾಕಿರುತ್ತಾರೆ, ಕಾಪಿ ಮಾಡಿದರೂ ಕಲಸುಮೇಲೋಗರವೇ ಕಾಣುತ್ತದೆ. ಅದನ್ನು ನೋಡಿ ಕಂಪ್ಯೂಟರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಹಾರ್ಡ್ ಡಿಸ್ಕ್‌ನಿಂದಲೂ ತಡವರಿಸುವವರಿಗೆ ಎರಡು ಮಾತು. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಶುರುವಾಗಿದ್ದರೆ ಡಿಸ್‌ಪ್ಲೇ ಡ್ರೈವರ್ ಹಾಕುವುದನ್ನು ಮರೆತಿರುತ್ತಾರೆ. ಡಿವೈಸ್ ಮ್ಯಾನೇಜರ್‌ನಲ್ಲಿ ವಿಡಿಯೋ ಕಂಟ್ರೋಲರ್ ಮುಂದೆ ಹಳದಿ ಗುರುತು ಇದ್ದರೆ ಅದೇ. ಮೊದಲ ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಕುಂಟತೊಡಗಿದರೆ ಅದು ಸೆಕೆ. ಇದು ನಿಮ್ಮ ಊರಿನಲ್ಲಿ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ರಬಕವಿ, ಬನಹಟ್ಟಿ ಕಡೆಯಿಂದ ಬರುವ ಡಬ್ಬ ಬಿಚ್ಚುವಾಗ ನಾನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ನಮ್ಮ ವಿಜಯಪುರದ ಯಂತ್ರಗಳಲ್ಲಿ ಇರುವುದು ಮಣ್ಣಿನ ಧೂಳು, ಊದಿದರೆ ಹಾರುತ್ತದೆ. ಮಗ್ಗದ ಮನೆಯ ಧೂಳು ಬೇರೆ ಜಾತಿಯದು. ನೂಲಿನಿಂದ ಹಾರಿದ ನವಿರಾದ ಎಳೆಗಳು ಪ್ರೊಸೆಸರಿನ ಮೇಲಿರುವ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಹೋಗಿ, ಒಂದಕ್ಕೊಂದು ಹೆಣೆದುಕೊಂಡು, ಫ್ಯಾನಿನ ಕೆಳಗೆ ಗಾದಿ ಹಾಸಿದಂತೆ ಕೂರುತ್ತವೆ. ಚಿಮುಟದಿಂದ ಒಂದು ತುದಿ ಹಿಡಿದು ಎತ್ತಿದರೆ ಇಡೀ ಗಾದಿಯೇ ಒಂದು ತುಂಡಾಗಿ ಬರುತ್ತದೆ. ಒಮ್ಮೆ ಹಾಗೆ ಬಂದದ್ದು ಬೆಳ್ಳಗೆ, ಅಂಗೈಯಗಲ, ದೀಪದ ಬತ್ತಿ ಹೊಸೆಯಲು ಸಾಕಾಗುವಷ್ಟು ಇತ್ತು. ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಕೆಳಗಿಳಿಯುವುದಿಲ್ಲ. ಪ್ರೊಸೆಸರ್ ಕಾದು, ಸುಟ್ಟುಹೋಗಬಾರದೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕೇಳಬೇಕೇ? ವರ್ಷಕ್ಕೆ ಎರಡು ಸಲ ಡಬ್ಬ ಬಿಚ್ಚಿ, ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಿಕೊಂಡು ಮೆತ್ತನೆಯ ಕುಂಚದಿಂದ ಬಿಡಿಸಿ. ಬರೀ ಊದುವುದರಿಂದ ಈ ಗಾದಿ ಅಲುಗುವುದಿಲ್ಲ.

ಮಗ್ಗದ್ದೇ ಇನ್ನೊಂದು ಕಥೆ. ನಿಮ್ಮ ಕಡೆಯ ಒಬ್ಬರ ಕಂಪ್ಯೂಟರ್ ಅಂಗಡಿಯಲ್ಲಿ ಮೂರು ದಿನ ಒಂದೂ ತಪ್ಪಿಲ್ಲದೆ ಡಿವಿಡಿ ಓಡಿಸಿತು. ಮನೆಗೆ ಒಯ್ದ ದಿನವೇ ಫೋನ್ ಬಂತು. ತರಿಸಿಕೊಂಡೆ, ಮತ್ತೆ ಸರಿಯಿತ್ತು. ಕಳಿಸಿದೆ, ಮತ್ತೆ ಫೋನ್. ಮೂರನೆಯ ಸಲ ಕೃಷ್ಣೆ ದಾಟಿ, ಜಮಖಂಡಿ ದಾಟಿ ನಾನೇ ಹೋದೆ. ಕಂಪ್ಯೂಟರ್ ಇಟ್ಟ ಮೇಜು ಗೋಡೆಗೆ ಆನಿಸಿತ್ತು, ಗೋಡೆಯ ಆಚೆ ಎರಡು ಪವರ್‌ಲೂಮ್ ಬಡಿಯುತ್ತಿದ್ದವು. ಮೇಜಿನ ಮೇಲಿನ ಲೋಟದ ನೀರು ನಡುಗುವುದು ಕಾಣುತ್ತಿತ್ತು. ಡಿವಿಡಿಯ ಮೇಲೆ ಮಾಹಿತಿಯ ಸುರುಳಿ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ 0.74 ಮೈಕ್ರಾನ್ ದೂರದಲ್ಲಿರುತ್ತದೆ. ಒಂದು ತಲೆಗೂದಲಿನ ಅಗಲದಲ್ಲಿ ಅಂಥ ಹತ್ತಾರು ಸುತ್ತುಗಳು ಹಿಡಿಸುತ್ತವೆ. ತಿರುಗುವ ಡಿಸ್ಕ್‌ನಲ್ಲಿ ಆ ಗೆರೆ ಬಿಡದೆ ಹಿಂಬಾಲಿಸುವ ಮಸೂರವನ್ನು ಹೊರಗಿನಿಂದ ಯಾರೋ ಒಂದೇ ಸಮನೆ ಕುಲುಕುತ್ತಿದ್ದರೆ ಅದು ಗೆರೆ ತಪ್ಪದೆ ಇನ್ನೇನು ಮಾಡೀತು? ಮೇಜನ್ನು ಆ ಗೋಡೆಯಿಂದ ಬಿಡಿಸಿ ಎದುರಿನ ಮೂಲೆಗೆ ಇಟ್ಟು, ಡಬ್ಬದ ಕೆಳಗೆ ಮಡಿಸಿದ ಗೋಣಿಚೀಲ ಹಾಕಿ ಬಂದೆ. ಆಮೇಲೆ ಫೋನ್ ಬರಲಿಲ್ಲ. ಚಹಾ ಮತ್ತು ಬಸ್ ಚಾರ್ಜ್ ಹೊರತು ಏನೂ ತೆಗೆದುಕೊಳ್ಳಲಿಲ್ಲ, ಗೋಣಿಚೀಲಕ್ಕೆ ಎಷ್ಟು ಬಿಲ್ಲು ಹಾಕುವುದು?

ಈಗ ಅಜ್ಜನ ಡಿಸ್ಕ್. ನಿಮ್ಮ ಮನೆಯಲ್ಲಿರುವ ವಸ್ತುಗಳಲ್ಲಿ ಬೆಲೆಯುಳ್ಳದ್ದು ಅದೊಂದೇ ಎಂದು ತಿಳಿದು ಓದಿ. ಕಂಪ್ಯೂಟರ್ ಹೋದರೆ ಇನ್ನೊಂದು ಸಿಗುತ್ತದೆ.

ತಿರುವಿ ನೋಡಿ. ಕೆಳಮೈ ನೇರಳೆ ಛಾಯೆಯಲ್ಲಿದ್ದರೆ ಅದು ಯಾರೋ ಕಂಪ್ಯೂಟರ್‌ನಲ್ಲಿ ಬರೆದ ಡಿಸ್ಕ್. ಸಿನಿಮಾ ಡಿಸ್ಕ್ ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು, ಬೆಳ್ಳಿಯ ಬಣ್ಣದ್ದು, ಅದರಲ್ಲಿ ಮಾಹಿತಿ ಕುಳಿಗಳಾಗಿ ಮೂಡಿರುತ್ತದೆ. ಬರೆದ ಡಿಸ್ಕ್‌ನಲ್ಲಿ ಮಾಹಿತಿ ಇರುವುದು ಬಣ್ಣದ ಒಂದು ತೆಳು ಲೇಪದಲ್ಲಿ. ಬಿಸಿಲು ಮತ್ತು ಕಾವು ಆ ಬಣ್ಣವನ್ನು ನಿಧಾನಕ್ಕೆ ಮಾಸಿಸುತ್ತವೆ, ಕಿಟಕಿಯ ಬಳಿ ಟಿವಿಯ ಮೇಲೆ ಇಟ್ಟ ಸೀರೆಯ ಬಣ್ಣ ಹೋದಂತೆ. ಆದ್ದರಿಂದ ಗೀರು ಕಡಿಮೆ ಇದ್ದರೂ ಡಿಸ್ಕ್ ಓದದೆ ಇರಬಹುದು. ಡಿವಿಡಿ ಎಂದರೆ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ತಟ್ಟೆಗಳನ್ನು ಅಂಟಿಸಿದ್ದು, ಮಾಹಿತಿ ಆ ಎರಡರ ನಡುವೆ ಸುರಕ್ಷಿತವಾಗಿರುತ್ತದೆ. ಕೆಳಮೈಯ ಗೀರು ಮಾಹಿತಿಯನ್ನು ಕೆಡಿಸಿರುವುದಿಲ್ಲ, ಬೆಳಕು ಒಳಗೆ ಹೋಗುವ ದಾರಿಗೆ ಅಡ್ಡವಾಗಿರುತ್ತದೆ ಅಷ್ಟೇ. ಇದು ಸಮಾಧಾನದ ಸುದ್ದಿ.

ಒರೆಸುವುದರಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಡಿಸ್ಕ್ ದುಂಡಗಿದೆ ಎಂದು ತಟ್ಟೆ ತಿಕ್ಕಿದಂತೆ ದುಂಡಗೆ ಒರೆಸುತ್ತಾರೆ. ಮಾಹಿತಿಯೂ ದುಂಡಗೆ ಸುತ್ತಿಕೊಂಡಿರುವುದರಿಂದ ಆ ಒರೆಸುವಿಕೆಯಲ್ಲಿ ಬೀಳುವ ಒಂದು ನವಿರು ಗೀರು ಒಂದೇ ಸಾಲಿನ ಉದ್ದಕ್ಕೂ ಮಾಹಿತಿಯನ್ನು ಮುಚ್ಚುತ್ತದೆ. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದರೆ, ಗೀರು ಬಿದ್ದರೂ ಅದು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಅಡ್ಡ ಬರುತ್ತದೆ. ಅಷ್ಟು ಸಣ್ಣ ಕೊರತೆಯನ್ನು ಲೆಕ್ಕ ಹಾಕಿ ತುಂಬಿಕೊಳ್ಳುವ ವ್ಯವಸ್ಥೆ ಡಿವಿಡಿಯಲ್ಲೇ ಇದೆ. ಹಳೆಯ ಹತ್ತಿ ಧೋತರದ ತುಂಡು, ತಣ್ಣೀರು, ಜಿಡ್ಡಿದ್ದರೆ ಒಂದು ಹನಿ ಸೋಪು. ಇಳಕಲ್ ಸೀರೆಯ ಸೆರಗಿನಿಂದ ಒರೆಸುವುದನ್ನು ನೋಡಿದ್ದೇನೆ, ಸೆರಗಿಗೂ ಒಳ್ಳೆಯದಲ್ಲ, ಡಿಸ್ಕಿಗೂ ಅಲ್ಲ. ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಪ್ಲಾಸ್ಟಿಕ್ಕನ್ನು ಸವೆಸುತ್ತದೆ. ಬೇಡವಾದ ಡಿಸ್ಕ್ ಮೇಲೆ ಪ್ರಯೋಗ ಮಾಡಿ, ಅಜ್ಜನ ಮೇಲೆ ಮಾಡಬೇಡಿ.

ತೊಳೆದು ಒಣಗಿದ ಮೇಲೆ ಡಿಸ್ಕನ್ನು ಓಡಿಸಿ ನೋಡುವ ಆಸೆ ಬಿಡಿ, ನೇರವಾಗಿ ವಿಡಿಯೋ_ಟಿಎಸ್ ಫೋಲ್ಡರನ್ನು ಕಾಪಿ ಮಾಡಿ. ಒಳಗೆ ಒಂದೊಂದು ಜಿಬಿಯ ಮಿತಿಯಲ್ಲಿ ಕತ್ತರಿಸಿದ ಕೆಲವು ವಿಒಬಿ ಫೈಲ್‌ಗಳಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಎಳೆದರೆ ಒಂದು ಫೈಲ್ ಎಡವಿದಾಗ ಇಡೀ ಕಾಪಿ ನಿಲ್ಲುತ್ತದೆ. ಒಂದೊಂದಾಗಿ ತೆಗೆಯಿರಿ. ಗೀರಿನ ಬಳಿ ಎಡವಿ ಪಿಐಒ ಮತ್ತೆ ಬಂದು ಕುಳಿತರೆ, ಕಾಪಿ ಮುಗಿದ ಮೇಲೆ ಮೊದಲಿನಂತೆಯೇ ಅನ್‌ಇನ್‌ಸ್ಟಾಲ್ ಮಾಡಿ ಸರಿಪಡಿಸಿಕೊಳ್ಳಿ. 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಎಂಬ ತಪ್ಪು ಸಂದೇಶ ಬಂದರೆ ಆ ಫೈಲ್‌ನ ಹೆಸರು ಬರೆದಿಟ್ಟು ಮುಂದಿನದಕ್ಕೆ ಹೋಗಿ. ನಾಲ್ಕರಲ್ಲಿ ಮೂರು ಬಂದರೂ ಸಣ್ಣಾಟದ ಮುಕ್ಕಾಲು ಉಳಿಯಿತು. ಉಳಿದ ಫೈಲ್‌ಗೆ ಇನ್ನೊಬ್ಬರ ಡ್ರೈವ್ ಬಳಸಿ. ಒಂದು ಡ್ರೈವ್‌ನ ಕಣ್ಣಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದು ಈ ವೃತ್ತಿಯಲ್ಲಿ ದಿನನಿತ್ಯದ ಮಾತು. ಅದರಲ್ಲೂ ಆಗದಿದ್ದರೆ ಲಿನಕ್ಸ್ ಬಲ್ಲವರ ಬಳಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಓದಲು ಬಂದದ್ದನ್ನು ಮೊದಲು ಬಾಚಿಕೊಂಡು, ಬಾರದ ಜಾಗಗಳ ಪಟ್ಟಿ ಮಾಡಿಟ್ಟು, ಮತ್ತೆ ಮತ್ತೆ ಅಲ್ಲಿಗೇ ಹೋಗಿ ತಟ್ಟುತ್ತದೆ. ಅದೇ ಪಟ್ಟಿಯನ್ನು ಇಟ್ಟುಕೊಂಡು ಬೇರೆ ಡ್ರೈವ್‌ನಲ್ಲಿ ಮುಂದುವರಿಸಲೂ ಬರುತ್ತದೆ. ಆಟವನ್ನು ಚಿತ್ರೀಕರಿಸಿದವರ ಗುರುತಿದ್ದರೆ ಅವರನ್ನೂ ಕೇಳಿ. ಆ ಕಾಲದಲ್ಲಿ ಕ್ಯಾಮೆರಾದ ಪುಟ್ಟ ಕ್ಯಾಸೆಟ್‌ನಿಂದ ಡಿವಿಡಿಗೆ ಇಳಿಸುತ್ತಿದ್ದರು, ಮೂಲ ಕ್ಯಾಸೆಟ್ ಯಾವುದೋ ಟ್ರಂಕಿನಲ್ಲಿ ಇರಲೂಬಹುದು.

ಕಾಪಿಯಾದ ಚಿತ್ರವನ್ನು ನೋಡುವಾಗ ಇನ್ನೊಂದು ಅನುಮಾನ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಪಾತ್ರಧಾರಿ ಗಿರಕಿ ಹೊಡೆದಾಗ ಕೈಕಾಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡ ಗೆರೆಗಳು ಕಾಣುತ್ತವೆ. ಇದನ್ನೂ "ತಡವರಿಕೆ" ಎಂದೇ ಜನ ಕರೆಯುತ್ತಾರೆ, ಆದರೆ ಇದು ರೋಗವಲ್ಲ. ಹಳೆಯ ಕ್ಯಾಮೆರಾಗಳು ಒಂದು ಚಿತ್ರವನ್ನು ಎರಡು ಅರ್ಧಗಳಾಗಿ, ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಒಮ್ಮೆ ಹಿಡಿಯುತ್ತಿದ್ದವು. ವಿಎಲ್‌ಸಿ ಪ್ಲೇಯರ್ ಹಾಕಿಕೊಂಡು ವಿಡಿಯೋ ಪಟ್ಟಿಯಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿದರೆ ಗೆರೆ ಹೋಗುತ್ತದೆ. ವಿಎಲ್‌ಸಿಯ 3.0 ಸರಣಿ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3ರ ಮೇಲೂ ನಡೆಯುತ್ತದೆ, ಪೆನ್‌ಡ್ರೈವ್‌ನಲ್ಲಿ ತರಿಸಿಕೊಳ್ಳಿ. ಅದರ ಪ್ರಿಫರೆನ್ಸಸ್‌ನಲ್ಲಿ ಎಲ್ಲವನ್ನೂ ತೋರಿಸು ಎಂಬುದನ್ನು ಆರಿಸಿ, ಇನ್‌ಪುಟ್ ವಿಭಾಗದಲ್ಲಿ ಡಿಸ್ಕ್ ಕ್ಯಾಶಿಂಗ್ ಎಂಬಲ್ಲಿರುವ 300ನ್ನು 2000 ಮಾಡಿ. ಲೆಕ್ಕ ಮಿಲಿಸೆಕೆಂಡಿನಲ್ಲಿದೆ. ಬುಟ್ಟಿಯಲ್ಲಿ ಎರಡು ಸೆಕೆಂಡಿನಷ್ಟು ಕಂಡಿಕೆ ಮೊದಲೇ ಇದ್ದಂತೆ, ಡ್ರೈವ್ ಅರೆಕ್ಷಣ ಎಡವಿದರೂ ನೇಯ್ಗೆ ನಿಲ್ಲುವುದಿಲ್ಲ. ಪಿಐಒ ರೋಗಕ್ಕೆ ಮಾತ್ರ ಇದು ಮದ್ದಲ್ಲ, ಬುಟ್ಟಿ ದೊಡ್ಡದಾದರೆ ತುಂಬುವ ಕೈ ಹೆಚ್ಚುವುದಿಲ್ಲ. ಸಿನಿಮಾ ಡಿಸ್ಕ್‌ಗಳಲ್ಲಿ ನಡುಮಧ್ಯೆ ಒಂದೇ ಒಂದು ಸಲ ಕ್ಷಣಕಾಲ ಚಿತ್ರ ನಿಂತರೆ ತಲೆ ಕೆಡಿಸಿಕೊಳ್ಳಬೇಡಿ. 8.5 ಜಿಬಿಯ ಎರಡು ಪದರದ ಡಿಸ್ಕ್‌ನಲ್ಲಿ ಮಸೂರ ಒಂದು ಪದರದಿಂದ ಇನ್ನೊಂದಕ್ಕೆ ಹೊರಳುವ ಹೊತ್ತು ಅದು.

ಹೊಸ ಕಂಪ್ಯೂಟರ್ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ಪಿಐಒ ಕಥೆ ಅನ್ವಯಿಸುವುದಿಲ್ಲ. ನಿಮ್ಮ ತೊಂದರೆ ಹೆಚ್ಚಾಗಿ ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡ್ರೈವ್‌ನದು. ಅದನ್ನು ನಾಲ್ಕು ಬಾಯಿಯ ಹಬ್‌ಗೆ ಸಿಕ್ಕಿಸದೆ ಕಂಪ್ಯೂಟರಿನ ಹಿಂಬದಿಯ ಪೋರ್ಟ್‌ಗೆ ನೇರವಾಗಿ ಸಿಕ್ಕಿಸಿ, ಎರಡು ತಲೆಯ ಕೇಬಲ್ ಬಂದಿದ್ದರೆ ಎರಡನ್ನೂ ಹಾಕಿ. ವಿದ್ಯುತ್ ಸಾಲದೆ ಅದು ತಿರುಗಿ ತಿರುಗಿ ನಿಲ್ಲುತ್ತದೆ.

ಬನಹಟ್ಟಿಯವರಿಗೆ ಕೊನೆಯದೊಂದು. ಡಿಎಂಎ ಸರಿಯಾದ ಮೇಲೂ, ಸಿಡಿ ಚೆನ್ನಾಗಿ ಓದಿ ಡಿವಿಡಿ ಮಾತ್ರ ಎಡವುತ್ತಿದ್ದರೆ ಡ್ರೈವ್‌ನ ಕಣ್ಣು ಮಂದವಾಗಿದೆ. ಸಿಡಿಗೆ 780, ಡಿವಿಡಿಗೆ 650 ನ್ಯಾನೋಮೀಟರ್ ಅಲೆಯುದ್ದದ ಬೇರೆ ಬೇರೆ ಬೆಳಕು ಬೇಕು, ಒಂದು ಸೋತು ಇನ್ನೊಂದು ಉಳಿಯುವುದು ಸಾಮಾನ್ಯ. ಆಗ ಡ್ರೈವ್ ಒಂದನ್ನೇ ಬದಲಿಸಿ, ಕಂಪ್ಯೂಟರಿನ ಬೆಲೆಯ ಎದುರು ಅದು ಚಿಲ್ಲರೆ. ಕೊಳ್ಳುವ ಮೊದಲು ನಿಮ್ಮದರ ಹಿಂದೆ ಚಪ್ಪಟೆ ಕೇಬಲ್ ಇದೆಯೋ ಬೆರಳಗಲದ ಸಾಟಾ ಕೇಬಲ್ ಇದೆಯೋ ನೋಡಿಕೊಂಡು ಹೋಗಿ. ಅಜ್ಜನ ಡಿಸ್ಕನ್ನು ಕಾಪಿಗೆ ಹಾಕುವುದು ಮಾತ್ರ ಮಗ್ಗಗಳು ನಿಂತ ಮೇಲೆ, ರಾತ್ರಿಯ ಹೊತ್ತು. ಮೂರು ಫೈಲ್ ಬಂದು ನಾಲ್ಕನೆಯದು ಬಾರದಿದ್ದರೆ ಡಿಸ್ಕನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ವಿಜಯಪುರಕ್ಕೆ ತನ್ನಿ, ನನ್ನ ಬಳಿ ಬೇರೆ ಬೇರೆ ವಯಸ್ಸಿನ ಐದು ಡ್ರೈವ್‌ಗಳಿವೆ.